ಹಳೇ ಡ್ಯುಯೆಟ್ ಟ್ರ್ಯಾಕ್ ಪೇಟಿಗೂ ಕೂಡಲ್ಲ, ಹಾಡೋರಿಗೂ ಕೂಡಲ್ಲ: ಶ್ರುತಿ ಎಲ್ಲಿ ಹಿಡಿಬೇಕು?

ಜೇವರ್ಗಿ_ರೋಡ್
ಎಲ್ಲಾರಿಗೂ ಶರಣು. ಜಾತ್ರಿ, ಲಗ್ನದ ಸೀಸನ್ ಶುರು ಆಗ್ಲತ್ತದ, ಅದಕ್ಕ ಈಗೇ ಕೇಳ್ಲತ್ತೀನಿ. ಮೇಳದಾಗ ಒಂದು ಗಂಡು ಧ್ವನಿ (ಸಾ ಕಾಳಿ ಒಂದು, ಅಂದ್ರ ಹಾರ್ಮೋನಿಯಂ ಪೇಟಿಯ ಮೊದಲನೇ ಕರಿ ಕೀ), ಒಂದು ಹೆಣ್ಣು ಧ್ವನಿ (ಕಾಳಿ ಐದು). ಪೇಟಿ, ತಬಲಾ, ಕೊಳಲು ಎದುರಿಗೇ ಬಾರಿಸ್ತಾರ, ಉಳಿದ ವಾದ್ಯ ಎಲ್ಲಾ ಮೊಬೈಲ್‌ನಾಗಿನ ಟ್ರ್ಯಾಕ್. ಪಿ.ಬಿ. ಶ್ರೀನಿವಾಸ್–ಎಸ್. ಜಾನಕಿ ಡ್ಯುಯೆಟ್‌ಗಳೇ ಭಾಳ, ಜನ ಚೀಟಿ ಕಳಿಸೋದೂ ಅವಕ್ಕೇ.

ತೊಂದ್ರಿ ಏನಂದ್ರ, ಟ್ರ್ಯಾಕು ಪೇಟಿಯ ಎರಡು ಮನಿ (ಕೀ) ನಡುವ ಎಲ್ಲೋ ನಿಂತಿರ್ತದ. ಸಫೇದ್ (ಬಿಳಿ ಮನಿ) ಮೂರು ಒತ್ತಿದ್ರ ಕಡಿಮಿ, ಸಫೇದ್ ನಾಕು ಒತ್ತಿದ್ರ ಹೆಚ್ಚು. ಮೂಲ ಶ್ರುತಿಗೇ ಹಾಡಿದ್ರ ಗಂಡು ಧ್ವನಿ ಚರಣದಾಗ ಒಡಿತದ, ನಾಕು ಮನಿ ಇಳಿಸಿದ್ರ ಹೆಣ್ಣು ಧ್ವನಿ ಢೋಲಕ್ ಕೆಳಗ ಮುಳುಗ್ತದ, ಢೋಲಕ್ ಸದ್ದೂ ಕೆಸರಿನಂಗ ಆಗ್ತದ. ಇನ್ನ ಕೆಲವು ಟ್ರ್ಯಾಕ್ ಮೊಬೈಲ್‌ನಾಗ ಛಲೋ ಕೇಳಿಸಿ, ದೊಡ್ಡ ಸ್ಪೀಕರಿನಾಗ ತೆಳ್ಳಗ ಬರ್ತಾವ. ಬಲ್ಲವರು ಹೇಳ್ರಿ.

ಹಳೆಹಾಡು_ಆಳಂದ
ಮೂಲ ಶ್ರುತಿ ಬಿಡಬ್ಯಾಡ್ರಿ. ಹಾಡಾಕ ಆಗ್ಲಿಲ್ಲಂದ್ರ ಬ್ಯಾರೆ ಹಾಡು ಆರಿಸಿಕೊಳ್ರಿ. ಜಾನಕಿಯಮ್ಮನ ಹಾಡಿನ ಹೊಳಪು ಇರೋದೇ ಆ ಎತ್ತರದಾಗ.

ಬೀದರ್_ಕೀಸ್
ಮೊದಲು ಮನಿ ನಡುವ ನಿಲ್ಲೋ ವಿಷಯ. ಇದಕ್ಕ ಕಾರಣ ಟೇಪಿನ ವೇಗ. ಆವಾಗ ಧ್ವನಿಮುದ್ರಣ ಟೇಪಿನ ಮ್ಯಾಲೆ. ಒಂದು ಯಂತ್ರದಾಗ ರೆಕಾರ್ಡ್ ಆಗಿದ್ದು ಇನ್ನೊಂದರಾಗ ಓಡಿಸಿ ಗ್ರಾಮೋಫೋನ್ ಪ್ಲೇಟ್ ಮಾಡಿದ್ರು, ಅದನ್ನ ಮತ್ತ ಕ್ಯಾಸೆಟ್‌ಗೆ, ಸಿಡಿಗೆ ಇಳಿಸಿದ್ರು. ಪ್ರತಿ ಸಲ ವೇಗ ಸ್ವಲ್ಪ ಅತ್ತಿತ್ತ. ನೂರಕ್ಕ 6 ಭಾಗ ವೇಗ ಏರಿದ್ರ ಪೂರ್ತಿ ಒಂದು ಮನಿ ಏರ್ತದ, 2 ಭಾಗ ಏರಿದ್ರ ಮನಿಯ ಮೂರರಾಗ ಒಂದು ಪಾಲು. ಯೂಟ್ಯೂಬ್‌ನಿಂದ ಇಳಿಸಿದ ಟ್ರ್ಯಾಕ್ ಆದ್ರ ಇನ್ನೊಂದು ಗುಮಾನಿ: ಹಕ್ಕುಸ್ವಾಮ್ಯದ ತಪಾಸಣೆಗೆ ಸಿಗಬಾರದಂತ ಕೆಲವರು ಬೇಕಂತಲೇ ವೇಗ ಬದಲಿಸಿ ಹಾಕಿರ್ತಾರ.

ಮಾಡೋ ರೀತಿ ಹೇಳ್ತೀನಿ. ಟ್ಯೂನರ್ ಆ್ಯಪ್ ತೆರಿರಿ, ಟ್ರ್ಯಾಕ್‌ನಾಗ ಕೊಳಲೋ ಪಿಟೀಲೋ ಒಂದೇ ಸ್ವರದ ಮ್ಯಾಲೆ ನಿಲ್ಲೋ ಜಾಗ ಹುಡುಕ್ರಿ. ಗಮಕ ಇರೋ ಜಾಗ ಬ್ಯಾಡ, ಮುಳ್ಳು ಒಂದೆಡೆ ನಿಲ್ಲಂಗಿಲ್ಲ. ಒಂದು ಮನಿಗೆ 100 ಸೆಂಟ್. ಮುಳ್ಳು 35 ಸೆಂಟ್ ಹೆಚ್ಚು ತೋರಿಸ್ತಂದ್ರ ಟ್ರ್ಯಾಕಿನ ವೇಗ 98ಕ್ಕ ಇಳಿಸ್ರಿ, ಸರಿಯಾಗಿ 35 ಸೆಂಟ್ ಇಳಿತದ. ಇಲ್ಲಿ ‘ಪಿಚ್’ ಅನ್ನೋ ಗುಂಡಿ ಮುಟ್ಟಬ್ಯಾಡ್ರಿ, ವೇಗ–ಪಿಚ್ ಎರಡೂ ಕೂಡಿ ಬದಲಾಗೋ ಗುಂಡಿ ಮುಟ್ರಿ. ಟೇಪ್ ನಿಧಾನ ಓಡಿದಂಗೇ ಅದು, ಸದ್ದು ಕೆಡಂಗಿಲ್ಲ. ನಿಮಿಷಕ್ಕ 100 ಮಾತ್ರೆಯ ಲಯ 98 ಆದ್ರ ಕುಣಿಯೋರಿಗೂ ಗೊತ್ತಾಗಲ್ಲ.

ಭಾಲ್ಕಿ_77
ಅಷ್ಟೆಲ್ಲಾ ಯಾಕ್ರಿ? ಕೀಬೋರ್ಡಿನ ಮಾಸ್ಟರ್ ಟ್ಯೂನ್ (ಇಡೀ ವಾದ್ಯದ ಶ್ರುತಿ) 440 ಹರ್ಟ್ಜ್‌ನಿಂದ 449ಕ್ಕ ಏರಿಸಿದ್ರ ಆ 35 ಸೆಂಟ್ ಸಿಕ್ಕೇ ಬಿಡ್ತದ.

ಬೀದರ್_ಕೀಸ್
ಕೀಬೋರ್ಡ್ ಒಂದೇ ಇದ್ರ ಅದು ಸರಿ. ಅವರು ಪೇಟಿ ಅಂದಾರಲ್ಲ. ಪೇಟಿಯ ರೀಡ್ (ಗಾಳಿಗೆ ಅಲುಗಿ ಸ್ವರ ಕೊಡೋ ಪಟ್ಟಿ) ಹಿತ್ತಾಳಿದು, ಕೆರೆದು ಕೂಡಿಸಿದ್ದು, ವೇದಿಕಿ ಮ್ಯಾಲೆ ಬದಲಾಗಲ್ಲ. ಬದಲಾಗದ ವಾದ್ಯ ಯಾವುದದ, ಉಳಿದದ್ದೆಲ್ಲಾ ಅದರ ಕಡೆ ಬರಬೇಕು.

ಪೇಟಿ_ಹುಮನಾಬಾದ್
ಇನ್ನೊಂದು ಮಾತು ಸೇರಿಸ್ತೀನಿ. ಹಳೇ ಪೇಟಿ 440ಕ್ಕೇ ಇರ್ತದ ಅಂತ ನಂಬಬ್ಯಾಡ್ರಿ. ಮೊದಲು ಟ್ಯೂನರ್ ಪೇಟಿಗೇ ಹಚ್ಚಿ ನೋಡ್ರಿ. ಪೇಟಿ 10 ಸೆಂಟ್ ಹೆಚ್ಚಿದ್ದು ಟ್ರ್ಯಾಕ್ 35 ಹೆಚ್ಚಿದ್ರ, ಇಳಿಸಬೇಕಾದದ್ದು 25 ಮಾತ್ರ. ಮತ್ತ ಭಾತಿ (ಪೇಟಿಗೆ ಗಾಳಿ ಹಾಕೋ ತಿದಿ) ಮೆಲ್ಲಗ ಒತ್ತಿ ನೋಡ್ರಿ, ಜೋರು ಒತ್ತಿದ್ರ ದಪ್ಪ ರೀಡ್ ಸ್ವಲ್ಪ ಇಳಿದು ಕೇಳಿಸ್ತದ. ಸ್ಕೇಲ್ ಚೇಂಜರ್ ಪೇಟಿ ಇದ್ರೂ ಈ ಕೆಲಸ ಅದರಿಂದ ಆಗಲ್ಲ, ಅದು ಪೂರ್ತಿ ಮನಿ ಲೆಕ್ಕದಾಗೇ ಸರಿತದ.

ಸೇಡಂ_ಧ್ವನಿ
ಈಗ ಶ್ರುತಿ ಆರಿಸೋ ಮಾತು. ಹೆಚ್ಚಿನವರು ಪಲ್ಲವಿ ಗುನುಗಿ ನೋಡಿ ‘ಹಾಂ, ಕೂಡ್ತು’ ಅಂತ ಶ್ರುತಿ ಬರೆದುಕೊಳ್ಳುತ್ತಾರೆ. ಪಲ್ಲವಿ ಹೆಚ್ಚಾಗಿ ನಡುವಿನ ಸ್ವರಗಳಲ್ಲೇ ಇರುತ್ತದೆ, ಪರೀಕ್ಷೆ ಇರುವುದು ಚರಣದ ಮೂರನೇ ಸಾಲಿನಲ್ಲಿ. ಹಾಡಿನ ಅತಿ ಕೆಳಗಿನ ಸ್ವರ, ಅತಿ ಮೇಲಿನ ಸ್ವರ, ಎರಡನ್ನೂ ಗಂಡಿಗೆ ಬೇರೆ, ಹೆಣ್ಣಿಗೆ ಬೇರೆ ಬರೆಯಿರಿ. ನಡುವೆ ಬರುವ ಆಲಾಪವನ್ನೂ ಬಿಡಬೇಡಿ, ಎಷ್ಟೋ ಹಾಡಿನಲ್ಲಿ ಎಲ್ಲಕ್ಕಿಂತ ಮೇಲಿನ ಸ್ವರ ಅಲ್ಲೇ ಇರುತ್ತದೆ.

ಒಂದು ಲೆಕ್ಕ ಮಾಡೋಣ. ಹಾಡಿನ ಸಾ ಸಫೇದ್ ಮೂರರಲ್ಲಿದೆ ಅನ್ನಿ. ಗಂಡಿನ ಸಾಲು ಮಂದ್ರ (ಕೆಳಗಿನ ಸ್ಥಾಯಿಯ) ಪ-ದಿಂದ ತಾರ (ಮೇಲಿನ ಸ್ಥಾಯಿಯ) ರಿ-ವರೆಗೆ. ತಾರ ರಿ ಅಂದರೆ ಕಾಳಿ ಮೂರು. ಕಾಳಿ ಒಂದರ ಗಂಡು ಧ್ವನಿಗೆ ಅದು ಅವನ ತಾರ ಮ, ಒಂದು ಸಲ ಮುಟ್ಟಿ ಬರಬಹುದು, ನಿಲ್ಲಲಿಕ್ಕೆ ಆಗುವುದಿಲ್ಲ. ಎರಡು ಮನೆ ಇಳಿಸಿ ಸಾ-ವನ್ನು ಸಫೇದ್ ಎರಡಕ್ಕೆ ತಂದರೆ ಅದೇ ಸ್ವರ ಸಫೇದ್ ಮೂರಕ್ಕೆ ಬರುತ್ತದೆ, ಆರಾಮ. ನಾಲ್ಕು ಮನೆ ಇಳಿಸಿ ಸಫೇದ್ ಒಂದಕ್ಕೆ ತಂದರೆ ಮೇಲೆ ಇನ್ನೂ ಸುಲಭ, ಆದರೆ ಮಂದ್ರ ಪ ಸಫೇದ್ ಐದಕ್ಕೆ ಇಳಿಯಿತು. ಕಾಳಿ ಒಂದರ ಧ್ವನಿಯ ಸ್ವಂತ ಮಂದ್ರ ಪ ಇರುವುದು ಕಾಳಿ ನಾಲ್ಕರಲ್ಲಿ, ಅದಕ್ಕಿಂತ ಕೆಳಗೆ ಹೋದರೆ ಬರೀ ಉಸಿರು ಕೇಳಿಸುತ್ತದೆ. ಹೆಣ್ಣಿನ ಸಾಲೂ ಅಷ್ಟೇ ಇಳಿಯುವುದರಿಂದ ಅದರ ಶಕ್ತಿ ಇರುವ ಜಾಗವೇ ತಪ್ಪಿ, ನೀವು ಹೇಳಿದ ಹಾಗೆ ಮುಳುಗುತ್ತದೆ. ಹಾಗಾಗಿ ಎರಡೇ ಮನೆ ಇಳಿಸಿ.

ಹಳೆಹಾಡು_ಆಳಂದ
ಅಂದ್ರ ಪಿ.ಬಿ.ಎಸ್. ಮೂಲ ಶ್ರುತಿಗೇ ಹಾಡಿದ್ದು ಹ್ಯಾಂಗ ಮತ್ತ? ಅವರದ್ದೂ ತಗ್ಗಿನ ಧ್ವನಿಯೇ.

ಸೇಡಂ_ಧ್ವನಿ
ಅವರು ತಾರ ಸ್ವರಗಳನ್ನು ಎದೆಯಿಂದ ಒತ್ತುವುದಿಲ್ಲ, ಧ್ವನಿ ಹಗುರ ಮಾಡಿ ಮೈಕಿನ ಹತ್ತಿರವೇ ಹಾಡುತ್ತಾರೆ. ಸ್ಟುಡಿಯೋದಲ್ಲಿ ಆ ಮೆಲುದನಿಯನ್ನು ವಾದ್ಯದ ಮೇಲೆ ಎತ್ತಿ ಇಡಬಹುದು. ಜಾತ್ರೆಯ ಬಯಲಿನಲ್ಲಿ ಪಕ್ಕದಲ್ಲೇ ತಬಲಾ, ಎದುರಿಗೆ ಜನರ ಗದ್ದಲ, ಅಲ್ಲಿ ಹಾಡುವವರು ತಮಗೆ ತಾವು ಕೇಳಿಸದೆ ಜೋರು ಮಾಡುತ್ತಾರೆ, ಜೋರು ಮಾಡಿದರೆ ಆ ಸ್ವರ ಒಡೆಯುತ್ತದೆ. ಹೆಸರಾಂತ ಹಿನ್ನೆಲೆ ಗಾಯಕರೂ ವಯಸ್ಸಾದ ಮೇಲೆ ವೇದಿಕೆಯಲ್ಲಿ ಒಂದೆರಡು ಮನೆ ಇಳಿಸಿಯೇ ಹಾಡುತ್ತಾರೆ. ಹಾಡಿಗೆ ಅವಮಾನ ಆಗುವುದು ಬೆಸೂರಿನಿಂದ, ಶ್ರುತಿ ಇಳಿಸಿದ್ದರಿಂದ ಅಲ್ಲ.

ಹಳೆಹಾಡು_ಆಳಂದ
ಎರಡು ಮನಿ ತನಕ ಒಪ್ಪಿದೆ. ಮೂರನೇದಕ್ಕ ಒಪ್ಪಲ್ಲ.

ಬೀದರ್_ಕೀಸ್
ಸದ್ದಿನ ಲೆಕ್ಕದಾಗೂ ಗಡಿ ಅಲ್ಲೇ ಅದ. ವೇಗ ಬದಲಿಸದೆ ಪಿಚ್ ಮಾತ್ರ ಇಳಿಸುವಾಗ ಸಾಫ್ಟ್‌ವೇರ್ ಸದ್ದನ್ನ ಸಣ್ಣ ಸಣ್ಣ ತುಂಡು ಮಾಡಿ ಮತ್ತ ಜೋಡಿಸ್ತದ. ನಿಂತ ಸ್ವರಕ್ಕ ಅದು ತಡಿತದ, ಪೆಟ್ಟಿನ ಸದ್ದಿಗೆ ತಡಿಯಲ್ಲ. ಢೋಲಕ್ಕಿನ ‘ತಾ’ ಅನ್ನೋ ಚೂಪು ಹರಿದು ಹೋಗ್ತದ, ಅದೇ ನೀವು ಹೇಳಿದ ಕೆಸರು.

ದಾರಿ ಏನಂದ್ರ, ಈಗಿನ ಎಐ ಆ್ಯಪ್‌ಗಳಾಗ ಹಾಡು ಹಾಕಿದ್ರ ಧ್ವನಿ, ತಾಳವಾದ್ಯ, ಬೇಸ್, ಉಳಿದ ವಾದ್ಯ ಅಂತ ನಾಕು ಭಾಗ ಮಾಡಿ ಕೊಡ್ತಾವ. ತಾಳದ ಭಾಗ ಹಂಗೇ ಬಿಡ್ರಿ. ಬೇಸ್, ಉಳಿದ ವಾದ್ಯ ಮಾತ್ರ ಇಳಿಸಿ ಮತ್ತ ಕೂಡಿಸ್ರಿ. ಡ್ರಮ್ಸ್, ಢೋಲಕ್ ಇರೋ ಹಾಡಿಗೆ ಇದು ಬಹಳ ಛಲೋ ಬರ್ತದ.

ತಬಲಾ_ಯಾದಗಿರಿ
ನಿಂದರ್ರಿ. ಢೋಲಕ್ಕಿಗೆ ಸರಿ, ತಬಲಾ ಇರೋ ಹಾಡಿಗೆ ಈ ಉಪಾಯ ನಡಿಯಲ್ಲ. ದಾಯಾಂ (ಬಲಗೈ ತಬಲಾ) ಸಾ-ಗೆ ಕೂಡಿಸಿರ್ತದ. ವಾದ್ಯ ಎರಡು ಮನಿ ಇಳಿದು ತಬಲಾ ಹಳೇ ಸಾ ಮ್ಯಾಲೇ ನಿಂತ್ರ, ‘ನಾ’ ಬಿದ್ದಾಗೊಮ್ಮೆ ರಿ ಚುಚ್ಚಿದಂಗ ಕೇಳಿಸ್ತದ. ಎದುರಿಗೆ ತಬಲಾ ಬಾರಿಸೋರು ಇದ್ದಾರಲ್ಲ, ಅಂಥ ಹಾಡಿನಾಗ ಟ್ರ್ಯಾಕಿನ ತಾಳದ ಭಾಗ ಪೂರ್ತಿ ಬಂದ್ ಮಾಡ್ರಿ. ಆದ್ರ ಶುರುವಿಗೆ ಒಂದು ಆವರ್ತನ ಎಣಿಕಿ ಹಾಕಿ ಇಡ್ರಿ, ಇಲ್ಲಂದ್ರ ಎಲ್ಲಿಂದ ಹಿಡಿಬೇಕೋ ತಿಳಿಯಲ್ಲ.

ಬೀದರ್_ಕೀಸ್
ಹೌದು, ಒಪ್ಪಿದೆ. ತಬಲಾದ ಹಾಡಿಗೆ ಹಂಗೇ ಮಾಡ್ರಿ.

ಭಾಲ್ಕಿ_77
ಎಐ ಯಾಕ? ಎಡ–ಬಲ ಕಳೆದು ಧ್ವನಿ ತೆಗೆಯೋ ಹಳೇ ಪದ್ಧತಿ ಅದಲ್ಲ, ಒಂದು ನಿಮಿಷದ ಕೆಲಸ.

ಬೀದರ್_ಕೀಸ್
ಆ ಪದ್ಧತಿ ಸ್ಟೀರಿಯೋ ಹಾಡಿಗೆ ಮಾತ್ರ. ಎಡದಾಗೂ ಬಲದಾಗೂ ಸಮ ಇರೋದನ್ನ ಕಳಿತದ. ಧ್ವನಿ ಜೋಡಿ ನಡುವ ಇರೋ ಬೇಸೂ ಡ್ರಮ್ಮೂ ಹೋಗ್ತಾವ. ಅರವತ್ತರ ದಶಕದ ಕನ್ನಡ ಹಾಡೆಲ್ಲಾ ಮೋನೋ, ಎಡ–ಬಲ ಒಂದೇ. ಕಳೆದ್ರ ಉಳಿಯೋದು ಸೊನ್ನಿ.

ಸೌಂಡ್_ಶಹಾಬಾದ್
ನಿಮ್ಮ ಮೂರನೇ ತೊಂದ್ರಿಗೂ ಇದೇ ಕಾರಣ, ಕೇಳ್ರಿ. ಸ್ಪೀಕರಿನಾಗ ಟ್ರ್ಯಾಕ್ ತೆಳ್ಳಗ ಬರ್ತದಂದ್ರ ವಯರ್ ನೋಡ್ರಿ. ಒಂದು ತುದಿಗೆ ಮೊಬೈಲಿನ ಸಣ್ಣ ಸ್ಟೀರಿಯೋ ಪಿನ್, ಇನ್ನೊಂದು ತುದಿಗೆ ಮೈಕಿನ ಮೂರು ಕಡ್ಡಿ ಪಿನ್ ಅಥವಾ ಎರಡು ಕರಿ ಪಟ್ಟಿಯ ದಪ್ಪ ಪಿನ್ ಒಂದೇ ಇರ್ತದ. ಮಿಕ್ಸರಿನ ಬ್ಯಾಲೆನ್ಸ್ಡ್ ಇನ್‌ಪುಟ್ ಎರಡು ತಂತಿ ನಡುವಿನ ವ್ಯತ್ಯಾಸ ಮಾತ್ರ ತಗೋತದ. ಒಂದು ತಂತಿಯಾಗ ಎಡ, ಇನ್ನೊಂದರಾಗ ಬಲ ಬಂದ್ರ ಬಲ ಕಳೆದು ಹೋಗ್ತದ. ಬೇಸ್, ಢೋಲಕ್, ಎಲ್ಲಾ ನಡುವಿನವು, ಹೋದ್ವು. ಉಳಿದದ್ದು ಪಿಟೀಲು, ಎಕೋ. ಹೆಡ್‌ಫೋನ್‌ನಾಗ ಛಲೋ ಕೇಳಿಸೋದು ಅದಕ್ಕೇ, ಅಲ್ಲಿ ಕಳಿಯೋ ಕೆಲಸ ಇಲ್ಲ.

ಭಾಲ್ಕಿ_77
ಹಂಗಾದ್ರ ಮೊಬೈಲ್ ಸೆಟ್ಟಿಂಗ್‌ನಾಗ ಮೋನೋ ಮಾಡಿದ್ರ ಆತಲ್ಲ.

ಸೌಂಡ್_ಶಹಾಬಾದ್
ಅದೇ ವಯರಿಗೆ ಮೋನೋ ಮಾಡಿದ್ರ ಪೂರ್ತಿ ಮಾಯ ಆಗ್ತದ! ಎಡ–ಬಲ ಸಮ ಆದ್ವು, ವ್ಯತ್ಯಾಸ ಸೊನ್ನಿ. ಟ್ರ್ಯಾಕ್ ಓಡ್ಲತ್ತದ, ಮೊಬೈಲ್‌ನಾಗ ಕಾಣ್ತದ, ಸ್ಪೀಕರಿನಾಗ ಏನೂ ಇಲ್ಲ. ಆವಾಗ ಗಾಬರಿಯಾಗಿ ವಾಲ್ಯೂಮ್ ಪೂರ್ತಿ ಏರಿಸ್ತಾರ, ಪಿನ್ ಅಲುಗಾಡಿದ ಕೂಡಲೇ ಡಬ್ ಅಂತದ, ಸ್ಪೀಕರಿನ ಕಾಯಿಲ್ ಸುಡ್ತದ.

ಸರಿ ವಯರ್ ಇದು: ಒಂದು ಕಡೆ ಸಣ್ಣ ಸ್ಟೀರಿಯೋ ಪಿನ್, ಇನ್ನೊಂದು ಕಡೆ ಒಂದೇ ಕರಿ ಪಟ್ಟಿಯ ಎರಡು ದಪ್ಪ ಮೋನೋ ಪಿನ್. ಎರಡು ಚಾನೆಲ್‌ಗೆ ಹಾಕ್ರಿ. ಬಯಲಿನಾಗ ಎರಡರ ಪ್ಯಾನೂ (ಸದ್ದು ಎಡಕ್ಕೋ ಬಲಕ್ಕೋ ಹಂಚೋ ಗುಂಡಿ) ನಡುವಿಗೆ ಇಡ್ರಿ. ಎಡಕ್ಕ ಕುಂತವರಿಗೆ ಪಿಟೀಲು, ಬಲಕ್ಕ ಕುಂತವರಿಗೆ ಕೊಳಲು ಅಂತ ಹಂಚಬ್ಯಾಡ್ರಿ. ಮೊಬೈಲ್ ಫ್ಲೈಟ್ ಮೋಡಿಗೆ ಹಾಕ್ರಿ, ಅಲಾರಂ ತೆಗೀರಿ. ಬ್ಲೂಟೂತ್ ಬ್ಯಾಡೇ ಬ್ಯಾಡ, ನಡುವ ಒಬ್ಬರು ಅಡ್ಡ ನಿಂತ್ರೂ ಕಡಿತದ.

ಜೇವರ್ಗಿ_ರೋಡ್
ಖರೇನ್ರಿ, ವಯರಿನ ದಪ್ಪ ಪಿನ್ನಿಗೆ ಎರಡು ಕರಿ ಪಟ್ಟಿ ಅವ. ಇವತ್ತೇ ಬದಲಿಸ್ತೀವಿ. ಎಕೋ ಎಷ್ಟು ಇಡಬೇಕು ಅನ್ನೋದೂ ಹೇಳ್ರಿ. ಹಳೇ ಹಾಡಿಗೆ ಎಕೋ ಬೇಕು ಅಂತಾರ ಎಲ್ಲಾರೂ.

ಸೌಂಡ್_ಶಹಾಬಾದ್
ಲೆಕ್ಕ ಸರಳ. 60,000ವನ್ನ ಹಾಡಿನ ಲಯದಿಂದ ಭಾಗಿಸ್ರಿ, ಒಂದು ಮಾತ್ರೆಗೆ ಎಷ್ಟು ಮಿಲಿಸೆಕೆಂಡ್ ಅಂತ ಬರ್ತದ. ಲಯ 96 ಇದ್ರ 625. ಅಷ್ಟು ಉದ್ದ ಬ್ಯಾಡ, ಅರ್ಧ ತಗೋರಿ, 312. ಲಯಕ್ಕ ಕೂಡಿದ ಎಕೋ ಅಕ್ಷರ ನುಂಗಲ್ಲ. ತಿರುಗಿ ಬರೋ ಸದ್ದು ಎರಡು ಸಲಕ್ಕಿಂತ ಜಾಸ್ತಿ ಬ್ಯಾಡ, ಅದರ ಚೂಪು ಕಡಿಮಿ ಮಾಡ್ರಿ, ಇಲ್ಲಂದ್ರ ‘ಸ’, ‘ಶ’ ಎಲ್ಲಾ ಚಿರ್ ಚಿರ್ ಅಂತಾವ. ಇದು ಬಯಲಿಗೆ. ತಗಡಿನ ಮಂಗಲ ಕಾರ್ಯಾಲಯದಾಗ ಎಕೋ ಪೂರ್ತಿ ಬಂದ್, ಗೋಡಿಯೇ ಬೇಕಾದಷ್ಟು ಕೊಡ್ತದ. ಕಲಬುರಗಿ ಎಸ್.ಎಂ. ಪಂಡಿತ ರಂಗಮಂದಿರದಂಥ ಒಳಾಂಗಣದಾಗ ಜನ ತುಂಬೋಕೂ ಮುಂಚೆ ಎಕೋ ಇಡಬ್ಯಾಡ್ರಿ, ಜನ ತುಂಬಿದ ಮ್ಯಾಲ ಸದ್ದು ಒಣಗ್ತದ, ಆವಾಗ ಸ್ವಲ್ಪ ಏರಿಸ್ರಿ. ಅನೌನ್ಸ್‌ಮೆಂಟಿಗೆ ಎಕೋ ಬಂದ್ ಮಾಡೋದು ಮರೀಬ್ಯಾಡ್ರಿ.

ಮೈಕ್ ಶೂರ್ ಎಸ್‌ಎಂ 58 ಥರದ್ದಾದ್ರ ಮಾನಿಟರ್ ಸ್ಪೀಕರ್ (ಹಾಡೋರಿಗೇ ಕೇಳಿಸಲಿಕ್ಕೆ ಇಡೋದು) ಮೈಕಿನ ಬೆನ್ನಿಗೆ ಸೀದಾ ಇಡ್ರಿ, ಆ ಮೈಕಿಗೆ ಬೆನ್ನಿನ ಸದ್ದು ಎಲ್ಲಕ್ಕಿಂತ ಕಡಿಮಿ ಕೇಳಿಸ್ತದ. ಜಾಲರಿ ಮುಷ್ಟಿಯಾಗ ಮುಚ್ಚಿ ಹಿಡಿದ್ರ ಆ ಗುಣ ಹೋಗಿ ಕುಂಯ್ ಅಂತದ. ಹುಡುಗರು ಟಿವಿ ನೋಡಿ ಹಂಗ ಹಿಡಿತಾರ, ಬಿಡಿಸ್ರಿ.

ಸೇಡಂ_ಧ್ವನಿ
ಮೈಕಿನ ಮಾತಿಗೆ ಒಂದು ಸೇರಿಸುತ್ತೇನೆ. ಪ, ಫ, ಭ ಬರುವ ಕಡೆ ಮೈಕನ್ನು ತುಟಿಗೆ ಸ್ವಲ್ಪ ಓರೆ ಹಿಡಿಯಿರಿ, ‘ಡಬ್’ ಅನ್ನುವುದು ನಿಲ್ಲುತ್ತದೆ. ಮಂದ್ರ ಸ್ವರಕ್ಕೆ ಎರಡು ಬೆರಳಿನಷ್ಟು ಹತ್ತಿರ, ತಾರ ಸ್ವರಕ್ಕೆ ಒಂದು ಗೇಣು ದೂರ. ಹತ್ತಿರ ತಂದಾಗ ಧ್ವನಿಗೆ ತಳದ ತೂಕ ತಾನಾಗಿ ಸೇರುತ್ತದೆ, ಗಂಡಿನ ಮಂದ್ರ ಪ ಕೇಳಿಸಲು ಇದೇ ಸಹಾಯ.

ಉಸಿರಿನ ಗುರುತನ್ನೂ ಸಾಹಿತ್ಯದ ಹಾಳೆಯ ಮೇಲೆ ಹಾಕಿ. ಹಳೆಯ ಹಾಡುಗಳಲ್ಲಿ ಗಾಯಕರು, ವಾದ್ಯದವರು ಕೂಡಿ ಒಂದೇ ಓಟಕ್ಕೆ ಮುದ್ರಿಸುತ್ತಿದ್ದುದರಿಂದ ಉಸಿರಿಗೆ ಜಾಗ ಇರುತ್ತದೆ. ಈಗಿನ ಹಾಡು ಸಾಲು ಸಾಲು ಬೇರೆ ಮುದ್ರಿಸಿ ಜೋಡಿಸಿದ್ದು, ಒಂದು ಸಾಲಿನ ಕೊನೆ ಮುಂದಿನದರ ಮೇಲೇ ಬಿದ್ದಿರುತ್ತದೆ. ಅಂಥದ್ದನ್ನು ಒಬ್ಬರೇ ಹಾಡಲು ಹೋಗಬೇಡಿ, ಸಾಲಿನ ಬಾಲವನ್ನು ಕೋರಸ್‌ಗೆ ಕೊಡಿ.

ಹಳೆಹಾಡು_ಆಳಂದ
ಹಿಂದಿ ಹಾಡು ಯಾವ ಯಾವವು ಇಟ್ಟೀರಿ? ಕಲಬುರಗಿ ಜನಕ್ಕ ರಫಿ ಬೇಕೇ ಬೇಕು. ರಫಿ ಸಾಹೇಬರ ಕನ್ನಡ ಹಾಡೇ ಇಡ್ರಲ್ಲ, 1967ರ ‘ಒಂದೇ ಬಳ್ಳಿಯ ಹೂಗಳು’ ಚಿತ್ರದ್ದು, ‘ನೀನೆಲ್ಲಿ ನಡೆವೆ ದೂರ’. ಸತ್ಯಂ ಅವರ ಸಂಗೀತ. ಬಂದೇನವಾಜ ದರ್ಗಾದ ಕಡಿಯವರೂ ಕೇಳ್ತಾರ, ಶರಣಬಸವೇಶ್ವರ ಗುಡಿ ಕಡಿಯವರೂ ಕೇಳ್ತಾರ.

ಭಾಲ್ಕಿ_77
ಕಿಶೋರ್ ಕುಮಾರ್ ಅವರದ್ದೂ ಅದ. ‘ಕುಳ್ಳ ಏಜೆಂಟ್ 000’, ‘ಆಡು ಆಟ ಆಡು’. ರಾಜನ್–ನಾಗೇಂದ್ರ, 1972.

ಹಳೆಹಾಡು_ಆಳಂದ
ಲತಾ ಅವರದ್ದು ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ದ ‘ಬೆಳ್ಳನೆ ಬೆಳಗಾಯಿತು’. ಮೂರೂ ಒಂದರ ಹಿಂದ ಒಂದು ಇಟ್ಟು ನೋಡ್ರಿ.

ಪೇಟಿ_ಹುಮನಾಬಾದ್
ಹಂಗೇ ರಾಜ್‌ಕುಮಾರ್ ಅವರೇ ಹಾಡಿದ್ದನ್ನ ಪಿ.ಬಿ.ಎಸ್. ಹಾಡಿದ್ದು ಅಂತ ಅನೌನ್ಸ್ ಮಾಡಬ್ಯಾಡ್ರಿ, ಜನ ಕೂಗ್ತಾರ. 1974ರ ‘ಸಂಪತ್ತಿಗೆ ಸವಾಲ್’ನಿಂದ ಅಣ್ಣಾವ್ರು ತಮ್ಮ ಹಾಡು ತಾವೇ ಹಾಡಾಕ ಶುರು ಮಾಡಿದ್ರು, ‘ಯಾರೇ ಕೂಗಾಡಲಿ’, ಜಿ.ಕೆ. ವೆಂಕಟೇಶ್ ಸಂಗೀತ.

ಹಳೆಹಾಡು_ಆಳಂದ
ಅದಕ್ಕೂ ಮುಂಚೆ ಹಾಡ್ಯಾರ. 1959ರ ‘ಮಹಿಷಾಸುರ ಮರ್ದಿನಿ’ಯಾಗೇ ಜಾನಕಿಯವರ ಜೋಡಿ ಅದ.

ಪೇಟಿ_ಹುಮನಾಬಾದ್
ಖರೇ. ಒಂದೊಂದು ಹಾಡ್ಯಾರ. ಸಾಲಾಗಿ ತಮ್ಮ ಎಲ್ಲಾ ಹಾಡು ಹಾಡಾಕ ಹತ್ತಿದ್ದು 1974ರ ನಂತರ ಅಂತ ತಿದ್ದಿಕೊಳ್ರಿ. ಅವರ ಹಾಡು ಇಡೋದಾದ್ರ ಶ್ರುತಿ ಮತ್ತ ನೋಡ್ರಿ, ತಾರ ಸ್ಥಾಯಿಯಾಗ ಅವರು ತೆರೆದ ಕಂಠದಿಂದ ನಿಂತು ಹಾಡ್ತಾರ. ಪಿ.ಬಿ.ಎಸ್. ಥರ ಮೆಲ್ಲಗ ಮುಟ್ಟಿ ಬಂದ್ರ ಅದು ಹಾಡೇ ಅನ್ನಿಸಲ್ಲ.

ಸುರಪುರ_ಕೊಳಲು
ಕೊಳಲಿನ ಮಾತು ಯಾರೂ ಎತ್ತಿಲ್ಲ. ನಮ್ಮ ಕಡೆ ಏಪ್ರಿಲ್–ಮೇ ಬಿಸಿಲಿಗೆ ಕೊಳಲು ಏರ್ತದ. ಗಾಳಿ ಕಾದಂಗ ಸದ್ದಿನ ವೇಗ ಹೆಚ್ಚಾಗ್ತದ, ಒಂದು ಡಿಗ್ರಿಗೆ ಸುಮಾರು 3 ಸೆಂಟ್. ಎಸಿ ಕೋಣ್ಯಾಗ 25 ಡಿಗ್ರಿಗೆ ಕೂಡಿಸಿದ್ದು ಬಯಲಿನಾಗ 40 ಡಿಗ್ರಿಗೆ ಬಂದ್ರ ಲೆಕ್ಕಕ್ಕ 45 ಸೆಂಟ್. ಊದೋ ಉಸಿರು ಎರಡೂ ಕಡೆ ಬಿಸಿಯೇ ಇರೋದರಿಂದ ಅಷ್ಟು ಪೂರ್ತಿ ಬರಲ್ಲ, ಆದ್ರೂ ಪೇಟಿ ಪಕ್ಕ ಕುಂತ್ರ ಗೊತ್ತಾಗೇ ಆಗ್ತದ. ತುಟಿ ಒಳಗ ತಿರುಗಿಸಿ 20–30 ಸೆಂಟ್ ಇಳಿಸಬಹುದು, ಅದಕ್ಕಿಂತ ಜಾಸ್ತಿ ಇಳಿಸಿದ್ರ ಸದ್ದು ಮಂಕಾಗ್ತದ. ವೇದಿಕಿಯ ಬಿಸಿಯಾಗೇ ಕೂಡಿಸ್ರಿ, ಕೋಣ್ಯಾಗ ಕೂಡಿಸಿ ಬಂದ್ರ ಪ್ರಯೋಜನ ಇಲ್ಲ.

ತಬಲಾ_ಯಾದಗಿರಿ
ತಬಲಾಕ್ಕೂ ಅದೇ. ಚರ್ಮ ಒಣಗಿ ಬಿಗಿತದ, ಏರ್ತದ. ವೇದಿಕಿಯ ದೀಪ ನೇರ ಮ್ಯಾಲ ಬಿದ್ರ ಎರಡು ಹಾಡಿನಾಗೇ ಏರ್ತದ. ಅರ್ಧ ತಾಸು ಮುಂಚೆ ವೇದಿಕಿ ಮ್ಯಾಲ ತಂದಿಟ್ಟು, ದೀಪ ಹಚ್ಚಿ, ಆಮ್ಯಾಲ ಹತೋಡಿ (ಶ್ರುತಿ ಕೂಡಿಸೋ ಸುತ್ತಿಗಿ) ಹಿಡಿರಿ. ತಬಲಾದ ಅಂಚಿನ ಹದಿನಾರು ಮನಿಯಾಗ ಎದುರುಬದುರು ಗಜ್ರಾಕ್ಕ (ಅಂಚಿನ ಹೆಣೆದ ಚರ್ಮಕ್ಕ) ಮೆಲ್ಲಗ ಹೊಡೀರಿ, ಒಂದೇ ಕಡೆ ಹೊಡೆದ್ರ ಸ್ವರ ಸೀಳ್ತದ. ಪೇಟಿಯ ಒಂದು ಮನಿಗಿಂತ ಹೆಚ್ಚು ಏರಿಳಿಸಬೇಕಂದ್ರ ಗಜ್ರಾ ಬಿಟ್ಟು ಗಟ್ಟಾ (ಬಾರಿನ ಕೆಳಗಿನ ಕಟ್ಟಿಗಿ ತುಂಡು) ಸರಿಸ್ರಿ.

ಭಾಲ್ಕಿ_77
ಕಾರ್ಯಕ್ರಮ ಲೈವ್ ಬಿಡ್ತೀರೇನು? ಬಿಟ್ರ ಟ್ರ್ಯಾಕಿನ ಮ್ಯಾಲ ಹಕ್ಕುಸ್ವಾಮ್ಯದ ನೋಟಿಸ್ ಬರ್ತದ. ಪರವಾನಗಿ ಕೊಡೋ ಸಂಸ್ಥೆ ಸಾಹಿತ್ಯ, ರಾಗಸಂಯೋಜನೆಗೆ ಐಪಿಆರ್‌ಎಸ್, ಮುದ್ರಿತ ಸದ್ದಿಗೆ ಪಿಪಿಎಲ್, ಎರಡೂ ಬ್ಯಾರೆ ಬ್ಯಾರೆ. ಲಗ್ನದ ಮನಿಯಾಗ ಹಾಡೋದಕ್ಕ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಮಿನಾಗ ವಿನಾಯಿತಿ ಅದ. ಟಿಕೆಟ್ ಇಟ್ಟು ಮಾಡೋ ಸಂಜೆಗೆ ಇಲ್ಲ.

ಜೇವರ್ಗಿ_ರೋಡ್
ಟಿಕೆಟ್ ಇಲ್ರಿ, ಲೈವೂ ಇಲ್ಲ. ಕಡೀ ಪ್ರಶ್ನೆ: ಇಪ್ಪತ್ತು ಹಾಡು, ಶ್ರುತಿ ಆರೇಳು ಬರ್ಲತ್ತಾವ. ತಬಲಾದವರು ಪ್ರತಿ ಹಾಡಿಗೂ ಹತೋಡಿ ಹಿಡಿದ್ರ ಜನ ಎದ್ದು ಹೋಗ್ತಾರ. ಎಷ್ಟು ದಾಯಾಂ ತರಬೇಕು?

ಪೇಟಿ_ಹುಮನಾಬಾದ್
ಹಾಡಿನ ಪಟ್ಟಿ ಶ್ರುತಿ ನೋಡಿ ಜೋಡಿಸ್ರಿ. ಒಂದೇ ಸಾ ಇರೋವು ಒತ್ತಟ್ಟಿಗೆ.

ಹಳೆಹಾಡು_ಆಳಂದ
ಹಂಗ ಜೋಡಿಸಿದ್ರ ನಾಕು ಮೆಲ್ಲನ ಹಾಡು ಒಂದರ ಹಿಂದ ಒಂದು ಬಂದು ಕುಂತವರು ತೂಕಡಿಸ್ತಾರ. ಲಯ ನೋಡಿ ಜೋಡಿಸ್ರಿ ಮೊದಲು.

ತಬಲಾ_ಯಾದಗಿರಿ
ಎರಡೂ ಆಗ್ತದ. ದಾಯಾಂ ಸಾ-ಗೇ ಇರಬೇಕಂತಿಲ್ಲ, ಪ-ಗೆ ಅಥವಾ ಮ-ಗೆ ಕೂಡಿಸಿದ್ರೂ ನಡಿತದ. ಐದೂವರೆ ಇಂಚಿನ ಬಾಯಿಯ ಒಂದು ದಾಯಾಂ ಕಾಳಿ ಒಂದಕ್ಕ ಕೂಡಿಸಿ ಇಡ್ರಿ. ಸಾ ಕಾಳಿ ಒಂದರ ಹಾಡಿಗೆ ಅದು ಸಾ. ಸಾ ಕಾಳಿ ಮೂರಿದ್ರ ಅದೇ ಪ ಆಗ್ತದ, ಸಾ ಕಾಳಿ ನಾಕಿದ್ರ ಮ. ಮೂರು ಶ್ರುತಿ ಒಂದರಾಗೇ ಮುಗೀತು. ಎರಡನೇ ದಾಯಾಂ ಸಫೇದ್ ಎರಡಕ್ಕ, ಸ್ವಲ್ಪ ಸಣ್ಣ ಬಾಯಿದು, ಐದೂಕಾಲು ಇಂಚಿಂದು ಸಾಕು. ಅದು ಸಾ ಸಫೇದ್ ಐದಿನ ಹಾಡಿಗೆ ಪ, ಸಫೇದ್ ಆರಿನ ಹಾಡಿಗೆ ಮ. ಮ-ಗೆ ಕೂಡಿಸುವಾಗ ಒಂದು ನೋಡ್ರಿ: ಹಾಡಿನಾಗ ತೀವ್ರ ಮ (ಒಂದು ಮನಿ ಏರಿದ ಮ) ಬಂದ್ರ ಆ ದಾಯಾಂ ಬ್ಯಾಡ, ಎರಡೂ ಮ ತಾಕಿ ಕರ್ಕಶ ಆಗ್ತದ. ಪಟ್ಟಿ ಇಲ್ಲೇ ಹಾಕ್ರಿ, ಹಾಡಿನ ಮುಂದ ಇಳಿಸಿದ ಮ್ಯಾಲಿನ ಸಾ ಬರೆದು. ಯಾವ ಹಾಡಿಗೆ ಯಾವ ದಾಯಾಂ ಅಂತ ಗುರುತು ಹಾಕಿ ಕೊಡ್ತೀನಿ.